ಸವಳು ಮಣ್ಣು: ನೀರು ಬಿಡೋ ಮುಂಚೆ ಯಾವ ಸವಳು ಅಂತ ಗುರುತು ಹಿಡಿಯೋದು ಹೇಗೆ

ಹೊಲದ ಮೇಲೆ ಬೆಳ್ಳಗೆ ಉಪ್ಪು ಎದ್ದಿದೆ ಅಂದ ತಕ್ಷಣ ಸಿಕ್ಕಿದವರೆಲ್ಲ ಹೇಳೋದು ಒಂದೇ ಮಾತು, ನೀರು ಕಟ್ಟಿ ನಿಲ್ಸು ಮಾರಾಯ, ಉಪ್ಪೆಲ್ಲ ತೊಳ್ಕೊಂಡು ಹೋಗುತ್ತೆ ಅಂತ. ಕೆಲವು ಮಣ್ಣಿಗೆ ಇದು ನಿಜವಾಗ್ಲೂ ಔಷಧಿ. ಇನ್ನು ಕೆಲವು ಮಣ್ಣಿಗೆ ಇದೇ ವಿಷ, ನೀರು ಬಿಟ್ಟ ಮೇಲೆ ಮುಂಚೆಗಿಂತ ಕೆಟ್ಟು ಕೂರುತ್ತೆ. ನಾನೂ ಒಂದ್ಸಲ ಹೀಗೆ ಮಾತು ಕೇಳಿ ಒಂದು ಮಡಿ ತೊಳೆಯೋಕೆ ಹೋಗಿ, ಬಿಳಿ ಉಪ್ಪೇನೋ ಹೋಯ್ತು ಅಂತ ಖುಷಿ ಪಟ್ಟು, ಆಮೇಲೆ ಅದು ಒಣಗಿದಾಗ ಸಿಮೆಂಟ್ ನೆಲದ ಥರ ಆಗಿದ್ದು ನೋಡಿ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ಆದ್ದರಿಂದ ಇಲ್ಲಿ ಮೊದಲು ಗುರುತು ಹಿಡಿಯೋದು, ಆಮೇಲೆ ಚಿಕಿತ್ಸೆ. ಗುರುತು ಹಿಡಿಯೋ ಭಾಗ ಉದ್ದ ಇದೆ, ಯಾಕಂದ್ರೆ ಎಲ್ರೂ ತಪ್ಪು ಮಾಡೋದು ಅಲ್ಲೇ.

ಹೆಸರಲ್ಲೇ ಗೊಂದಲ ಇದೆ ನೋಡಿ. ಸವಳು, ಸೌಳು, ಚೌಳು, ಕರಲು ಅಂತ ಒಂದೊಂದು ಕಡೆ ಒಂದೊಂದು ಹೆಸರು, ಆದ್ರೆ ಎಲ್ಲಾ ಹೆಸರೂ ಎಲ್ಲಾ ಥರದ ಕೆಟ್ಟ ಮಣ್ಣಿಗೂ ಬಳಸ್ತಾರೆ. ಸವಳು-ಜವಳು ಅಂತ ಜೋಡಿ ಪದ ಇದೆಯಲ್ಲ, ಅದು ಮಾತ್ರ ಬಹಳ ಸರಿಯಾದ ಪದ, ಸವಳು ಅಂದ್ರೆ ಉಪ್ಪು, ಜವಳು ಅಂದ್ರೆ ನೀರು ಬಸಿಯದೆ ನಿಂತಿರೋದು, ನದಿ ಕಣಿವೆಗಳಲ್ಲಿ ಈ ಎರಡೂ ಅಣ್ಣತಮ್ಮಂದಿರ ಥರ ಒಟ್ಟಿಗೇ ಬರ್ತಾವೆ. ಹಿಂದೆ ಬಟ್ಟೆ ಒಗೆಯೋಕೆ ಚೌಳು ಮಣ್ಣು ಬಳಸ್ತಿದ್ರು ಅಂತ ಕೇಳಿರ್ತೀರಿ, ಅದು ಸುಮ್ನೆ ಅಲ್ಲ, ಅದರಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತೆ, ಅದೇ ವಾಷಿಂಗ್ ಸೋಡಾ. ಬಟ್ಟೆಗೆ ಒಳ್ಳೇದು, ಬೇರಿಗೆ ಅಲ್ಲ.

ಮೊದಲು ಇದು ನದಿ ಪಕ್ಕದಲ್ಲೇ ಯಾಕೆ ಅಂತ ಸ್ವಲ್ಪ ತಿಳ್ಕೊಳ್ಳಿ, ಇದು ಗೊತ್ತಾದ್ರೆ ಆಮೇಲಿನ ಕೆಲಸ ಅರ್ಥ ಆಗುತ್ತೆ. ಬಂಡೆ ಕರಗಿ ಬರೋ ಲವಣ ಎಲ್ಲಾ ನೀರಿನ ಜೊತೆ ಇಳಿದು ತಗ್ಗಿಗೆ ಬರುತ್ತೆ, ಕಣಿವೆ ಅಂದ್ರೇನೇ ತಗ್ಗು. ಅಲ್ಲಿ ಮಣ್ಣು ಜಿಗಟು, ನೆಲ ಚಪ್ಪಟೆ, ಅಂತರ್ಜಲ ಮೇಲೇ ಇರುತ್ತೆ. ಮಳೆ ಕಮ್ಮಿ ಬಿಸಿಲು ಜಾಸ್ತಿ ಇರೋ ಕಡೆ ಅಂತರ್ಜಲ ಸುಮಾರು 1.5ರಿಂದ 2 ಮೀಟರ್ ಒಳಗೆ ಬಂತು ಅಂದ್ರೆ, ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ಮಣ್ಣಿನ ಸಣ್ಣ ಸಣ್ಣ ಸಂದುಗಳು ನೀರನ್ನ ಮೇಲಕ್ಕೆ ಎಳೀತವೆ, ನೀರು ಆವಿಯಾಗಿ ಹೋಗುತ್ತೆ, ಉಪ್ಪು ಮಾತ್ರ ಮೇಲೆ ಉಳಿಯುತ್ತೆ. ಇದರ ಮೇಲೆ ಕಾಲುವೆ ನೀರಾವರಿ ಬಂದ್ರೆ ಕೇಳೋದೇ ಬೇಡ. ಲೆಕ್ಕ ಹಾಕಿ ನೋಡಿ, ಇಸಿ, ಅಂದ್ರೆ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ನೋಡಿ ಉಪ್ಪು ಅಳೆಯೋ ಲೆಕ್ಕ, ಮೀಟರಿಗೆ 1 ಡೆಸಿಸೀಮೆನ್ಸ್ ಇರೋ ನೀರಲ್ಲಿ, ಅಂದ್ರೆ ಕುಡಿದ್ರೆ ಉಪ್ಪು ಅಂತ ಸರಿಯಾಗಿ ಗೊತ್ತೂ ಆಗದ ನೀರಲ್ಲಿ, ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಇರುತ್ತೆ, ಒಂದು ಹೆಕ್ಟೇರಿಗೆ 10 ಸೆಂಟಿಮೀಟರ್ ನೀರು ಹಾಯಿಸಿದ್ರೆ 640 ಕೆಜಿ ಉಪ್ಪು ಹಾಕಿದ ಹಾಗೆ. ಅಂಥ ಆರು ಸಲ ನೀರು ಕೊಟ್ರೆ ಸುಮಾರು 3.8 ಟನ್. ಬಸಿದು ಹೋಗೋಕೆ ದಾರಿ ಇಲ್ಲ ಅಂದ್ರೆ ಅಷ್ಟೂ ಅಲ್ಲೇ.

ಟೈಗ್ರಿಸ್ ಯುಫ್ರೆಟಿಸ್ ಕಣಿವೆಯಲ್ಲಿ ಸಾವಿರಾರು ವರ್ಷದ ಹಿಂದೇನೇ ಈ ಕಥೆ ನಡೆದಿದೆ, ಸಿಂಧೂ ಬಯಲಲ್ಲಿ, ಗಂಗಾ ಬಯಲಿನ ಊಸರ ಭೂಮಿಯಲ್ಲಿ, ನಮ್ಮ ಕೃಷ್ಣಾ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಇದೇ. ನೈಲ್ ನದಿದು ಸ್ವಲ್ಪ ಬೇರೆ, ವರ್ಷಾವರ್ಷ ಬರೋ ಪ್ರವಾಹ ಉಪ್ಪನ್ನ ತೊಳ್ಕೊಂಡು ಹೋಗ್ತಿತ್ತು, 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಆ ತೊಳೆತ ನಿಂತುಹೋಯ್ತು, ಆಮೇಲೆ ನೆಲದೊಳಗೆ ಪೈಪ್ ಹಾಕಿ ನೀರು ಬಸಿಯೋ ಕೆಲಸ ದೊಡ್ಡದಾಗಿ ಮಾಡ್ಬೇಕಾಯ್ತು. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ಕಣಿವೆಯಲ್ಲಿ ನೀರಾವರಿ ಇಲ್ಲದ ಕಡೆನೂ ಉಪ್ಪು ಎದ್ದಿದೆ, ಕಾರಣ ಆಳ ಬೇರಿನ ಮರ ಕಡಿದು ಹಾಕಿದ್ದು, ಮರ ಕುಡೀತಿದ್ದ ನೀರೆಲ್ಲ ಕೆಳಗಿಳಿದು ಅಂತರ್ಜಲ ಮೇಲೆ ಬಂತು. ಹಾಗಾಗಿ ನಿಮ್ಮ ಹೊಲದಲ್ಲಿ ಉಪ್ಪು ಕಂಡ್ರೆ ಮೊದಲ ಪ್ರಶ್ನೆ ಉಪ್ಪಿಂದಲ್ಲ, ನೀರಿಂದು, ಅದು ಎಲ್ಲಿಂದ ಬರ್ತಿದೆ ಎಲ್ಲಿಗೆ ಹೋಗೋಕಾಗ್ತಿಲ್ಲ ಅಂತ.

ಈಗ ಮೂರು ಜಾತಿ. ಅಮೆರಿಕದ ಲವಣ ಪ್ರಯೋಗಾಲಯದವರು 1954ರಲ್ಲಿ ಮಾಡಿದ ವಿಂಗಡಣೆನೇ ಇವತ್ತಿಗೂ ಹೆಚ್ಚುಕಮ್ಮಿ ಎಲ್ಲಾ ಕಡೆ ನಡೀತಿದೆ. ಒಂದು, ಬರೀ ಉಪ್ಪಿನ ಮಣ್ಣು, ಇದರಲ್ಲಿ ಕರಗೋ ಲವಣ ಜಾಸ್ತಿ, ಇಸಿ 4 ಡೆಸಿಸೀಮೆನ್ಸಿಗಿಂತ ಮೇಲೆ, ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, 8.5ಕ್ಕಿಂತ ಕೆಳಗೆ. ಎರಡು, ಕ್ಷಾರ ಮಣ್ಣು, ಇದರಲ್ಲಿ ಕರಗೋ ಉಪ್ಪು ಕಮ್ಮಿ, ಇಸಿ 4ಕ್ಕಿಂತ ಕೆಳಗೆ, ಆದ್ರೆ ಜೇಡಿಯ ಕಣಗಳಿಗೆ ಅಂಟಿಕೊಂಡಿರೋ ಸೋಡಿಯಂ ಜಾಸ್ತಿ, ನೂರಕ್ಕೆ 15ಕ್ಕಿಂತ ಹೆಚ್ಚು, ಈ ಲೆಕ್ಕನ ಲ್ಯಾಬ್ ರಿಪೋರ್ಟಲ್ಲಿ ಇಎಸ್‌ಪಿ ಅಂತ ಬರೀತಾರೆ, ಪಿಎಚ್ 8.5 ದಾಟಿ 10ರ ತನಕ ಹೋಗಬಹುದು. ಮೂರನೇದು ಎರಡೂ ಸೇರಿದ್ದು, ಉಪ್ಪೂ ಇದೆ ಸೋಡಿಯಮ್ಮೂ ಇದೆ, ಇಸಿ 4ರ ಮೇಲೆ, ಇಎಸ್‌ಪಿ 15ರ ಮೇಲೆ, ಪಿಎಚ್ ಮಾತ್ರ ಸಾಮಾನ್ಯವಾಗಿ 8.5ರ ಆಸುಪಾಸಲ್ಲೇ ಇದ್ದು ಏನೂ ಗೊತ್ತಿಲ್ಲದ ಹಾಗೆ ಕೂತಿರುತ್ತೆ. ನಮ್ಮಲ್ಲಿ ಪಿಎಚ್ 8.2 ದಾಟಿದ್ರೇನೇ ಕ್ಷಾರ ಅಂತ ಎಣಿಸೋರೂ ಇದ್ದಾರೆ.

ಈ ಮೂರನೇದೇ ಕಳ್ಳ. ಯಾಕೆ ಅಂತ ಹೇಳ್ತೀನಿ. ಜೇಡಿ ಕಣಗಳು ತೆಳ್ಳಗಿನ ಹಾಳೆಗಳ ಥರ ಇರ್ತವೆ, ಅವುಗಳ ಮೇಲೆ ಕ್ಯಾಲ್ಸಿಯಂ ಕೂತಿದ್ರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹರಳು ಹರಳಾಗಿ ನಿಲ್ತವೆ, ಮಧ್ಯೆ ನೀರು ಗಾಳಿ ಓಡಾಡೋಕೆ ಸಂದು ಇರುತ್ತೆ. ಸೋಡಿಯಂ ಕೂತಿದ್ರೆ ಅದು ತನ್ನ ಸುತ್ತ ನೀರು ಸುತ್ಕೊಂಡು ಹಾಳೆಗಳನ್ನ ದೂರ ತಳ್ಳುತ್ತೆ, ಹರಳು ಒಡೆದು ಹಿಟ್ಟಾಗಿ ಸಂದೆಲ್ಲ ಮುಚ್ಚಿಹೋಗುತ್ತೆ. ಆದ್ರೆ ಸುತ್ತ ಇರೋ ನೀರಲ್ಲಿ ಉಪ್ಪು ಜಾಸ್ತಿ ಇದ್ರೆ, ಸೋಡಿಯಂ ಇದ್ರೂನೂ ಈ ತಳ್ಳಾಟ ನಡಿಯಲ್ಲ, ಮಣ್ಣು ಹರಳಾಗೇ ಇರುತ್ತೆ, ನೋಡೋಕೆ ಹುಡಿಹುಡಿ ಚೆಂದ. ಅಲ್ಲಿಗೆ ನೀವು ಕಾಲುವೆ ನೀರೋ ಮಳೆ ನೀರೋ ಬಿಟ್ಟು ಉಪ್ಪು ತೊಳೆದ್ರಿ ಅಂದ್ರೆ ಕಾಪಾಡ್ತಿದ್ದ ಉಪ್ಪು ಹೋಯ್ತು, ಸೋಡಿಯಂ ಉಳೀತು. ಪಿಎಚ್ ಮೇಲೇರುತ್ತೆ, ಮಣ್ಣು ಮುಚ್ಚಿಕೊಳ್ಳುತ್ತೆ, ಆಮೇಲೆ ಜಿಪ್ಸಮ್, ಅಂದ್ರೆ ಸೋಡಿಯಮ್ಮನ್ನ ಎಬ್ಬಿಸೋಕೆ ಹಾಕೋ ಕ್ಯಾಲ್ಸಿಯಂ ಸಲ್ಫೇಟ್, ಹಾಕಿದ್ರೂ ಅದು ಕರಗಿ ಕೆಳಗಿಳಿಯೋಕೆ ನೀರೇ ಇಳಿಯಲ್ಲ. ನನ್ನ ಮಡಿಗೆ ಆಗಿದ್ದು ಇದೇ.

ಕಣ್ಣಿಗೆ ಕಾಣೋ ಲಕ್ಷಣ ನೋಡೋದಕ್ಕೆ ಬೇಸಿಗೆನೇ ಸರಿಯಾದ ಕಾಲ, ಮಳೆಗೆ ಮುಂಚೆ. ಬೆಳಿಗ್ಗೆ ಬೇಗ ಹೋಗಿ. ಬಿಳಿ ಪದರ ಇದ್ದು, ಕಾಲಿಟ್ರೆ ಮೆತ್ತಗೆ ಹುಡಿ ಆಗಿ ಕುಸಿದ್ರೆ ಅದು ಬಹುತೇಕ ಸೋಡಿಯಂ ಸಲ್ಫೇಟ್ ಜಾಸ್ತಿ ಇರೋ ಉಪ್ಪಿನ ಮಣ್ಣು, ಆ ಲವಣದ ಹರಳು ಬೆಳೀವಾಗ ಮಣ್ಣನ್ನ ಉಬ್ಬಿಸಿಬಿಡುತ್ತೆ. ನೀರೇ ಹಾಯಿಸಿಲ್ಲ, ಮಳೆನೂ ಬಂದಿಲ್ಲ, ಆದ್ರೂ ಬೆಳಿಗ್ಗೆ ನೆಲ ಒದ್ದೆ ಬಣ್ಣದಲ್ಲಿ ಕಾಣ್ತಿದೆ, ಮಧ್ಯಾಹ್ನಕ್ಕೆ ಮಾಯ ಅಂದ್ರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಕ್ಲೋರೈಡ್ ಇದೆ ಅಂತ, ಅವು ಗಾಳಿಯ ತೇವ ಎಳ್ಕೊಳ್ತವೆ, ಮಳೆಗಾಲದಲ್ಲಿ ಡಬ್ಬಿ ಉಪ್ಪು ಒದ್ದೆ ಆಗುತ್ತಲ್ಲ ಹಾಗೆ. ಬಿಳಿ ಬದಲು ಕಪ್ಪಗೆ, ಎಣ್ಣೆ ಚೆಲ್ಲಿದ ಹಾಗೆ ಕಲೆ ಕಂಡ್ರೆ ಎಚ್ಚರ, ಅದು ಜೋರು ಕ್ಷಾರ, ಪಿಎಚ್ ಅಷ್ಟು ಮೇಲೆ ಹೋದಾಗ ಮಣ್ಣಲ್ಲಿರೋ ಸಾವಯವ ಅಂಶನೇ ಕರಗಿ ಮೇಲೆ ಬಂದು ಒಣಗಿರುತ್ತೆ. ಎರೆಭೂಮಿಯಲ್ಲಿ ಈ ಕಪ್ಪು ಕಲೆ ಗೊತ್ತಾಗೋದು ಕಷ್ಟ, ಮಣ್ಣೇ ಕಪ್ಪು, ಅಲ್ಲಿ ಬಣ್ಣ ನೋಡಿ ಮೋಸ ಹೋಗ್ಬೇಡಿ. ಇನ್ನೊಂದು ಮಾತು, ಬಿಳಿ ಪದರ ಇಲ್ಲ ಅಂದ್ರೆ ಸಮಸ್ಯೆ ಇಲ್ಲ ಅಂತಲ್ಲ, ಶುದ್ಧ ಕ್ಷಾರ ಮಣ್ಣಲ್ಲಿ ಬಿಳಿ ಕಾಣಲೇಬೇಕು ಅಂತೇನಿಲ್ಲ.

ನನಗೆ ಅತಿ ನಂಬಿಕೆ ಇರೋ ಲಕ್ಷಣ ಅಂದ್ರೆ ಗುಂಡಿ ನೀರು. ಮಳೆ ಬಂದು ನಿಂತ ಮೇಲೆ ಎರಡು ಮೂರು ದಿನ ಬಿಟ್ಟು ಹೊಲದಲ್ಲಿ ನಿಂತಿರೋ ನೀರು ನೋಡಿ. ತಳ ಕಾಣೋ ಹಾಗೆ ತಿಳಿಯಾಗಿದ್ರೆ ಉಪ್ಪು ಮೇಲುಗೈ. ಚಹಾದ ಹಾಗೆ ಬಗ್ಗಡವಾಗೇ ಇದ್ದು ಎಷ್ಟು ದಿನ ಆದ್ರೂ ತಿಳಿ ಆಗ್ಲಿಲ್ಲ ಅಂದ್ರೆ ಸೋಡಿಯಂ ಮೇಲುಗೈ. ಜೊತೆಗೆ ಆ ನಿಂತ ನೀರಿನ ಪಕ್ಕದಲ್ಲೇ ಒಂದು ಗೇಣು ಅಗೆದು ನೋಡಿ, ಮೇಲೆ ಕೆಸರು, ಕೆಳಗೆ ಒಣಗಿದ ಮಣ್ಣು ಸಿಕ್ತು ಅಂದ್ರೆ ಇನ್ನು ಅನುಮಾನ ಬೇಡ. ಇಂಥ ಮಣ್ಣು ಒದ್ದೆ ಇದ್ದಾಗ ಕಾಲಿಗೆ ಸೋಪು ಸವರಿದ ಹಾಗೆ ಜಾರುತ್ತೆ, ಒಣಗಿದ್ರೆ ಗುದ್ದಲಿ ಠಣ್ ಅನ್ನುತ್ತೆ, ಉಳುಮೆ ಹದ ಅನ್ನೋದು ಒಂದೋ ಎರಡೋ ದಿನ ಸಿಕ್ರೆ ಪುಣ್ಯ. ಇನ್ನೂ ಆಳಕ್ಕೆ ಮೂರಡಿ ತೋಡಿದ್ರೆ ಸುಣ್ಣದ ಹರಳು ಗಟ್ಟಿ ಪದರವಾಗಿ ಸಿಗೋದುಂಟು. ಹಳೇ ಕ್ಷಾರ ಮಣ್ಣಲ್ಲಿ ಕೆಳಗಿನ ಪದರ ಕಂಬ ಕಂಬವಾಗಿ, ತಲೆ ದುಂಡಗೆ ನಿಂತಿರುತ್ತೆ, ರಷ್ಯನ್ನರು ಇದಕ್ಕೆ ಸೊಲೊನೆಟ್ಸ್ ಅಂತ ಹೆಸರಿಟ್ರು, ಬರೀ ಉಪ್ಪಿಂದಕ್ಕೆ ಸೊಲೊನ್‌ಚಾಕ್, ಆ ಹೆಸರುಗಳೇ ಈಗ ಪ್ರಪಂಚದ ಮಣ್ಣು ವರ್ಗೀಕರಣದಲ್ಲೂ ಇವೆ.

ಬೆಳೆನೂ ಹೇಳುತ್ತೆ. ಉಪ್ಪಿನ ಮಣ್ಣಲ್ಲಿ ತೇವ ಇದ್ರೂ ಪೈರು ಬಾಡುತ್ತೆ, ಬೇರಿಗೆ ನೀರು ಎಳ್ಕೊಳ್ಳೋ ಶಕ್ತಿ ಸಾಲಲ್ಲ, ಎಲೆ ಗಾಢ ನೀಲಿ-ಹಸಿರು, ತುದಿ ಸುಟ್ಟ ಹಾಗೆ, ಹೊಲ ತೇಪೆ ತೇಪೆ, ಒಂದು ಕಡೆ ಎದೆ ಮಟ್ಟ ಇದ್ರೆ ಪಕ್ಕದಲ್ಲೇ ಬೋಳು. ಕ್ಷಾರ ಮಣ್ಣಲ್ಲಿ ಮೊಳಕೆ ಮೇಲಿನ ಹೆಪ್ಪು ಒಡೆದು ಬರಲಾಗದೆ ಒಳಗೇ ಸಾಯುತ್ತೆ, ಬಂದಿದ್ದು ಹಳದಿ ಆಗುತ್ತೆ, ಸತು ಕಬ್ಬಿಣ ಮಣ್ಣಲ್ಲಿದ್ರೂ ಬೇರಿಗೆ ಸಿಗಲ್ಲ, ಕಿತ್ತು ನೋಡಿದ್ರೆ ಬೇರು ಮೇಲ್ಮೇಲೇ ಅಡ್ಡ ಹರಡಿರುತ್ತೆ. ಬೀಳು ಬಿದ್ದ ಜಾಗದಲ್ಲಿ ಬಳ್ಳಾರಿ ಜಾಲಿ, ಗರಿಕೆ ಬಿಟ್ಟು ಬೇರೇನೂ ಇಲ್ಲ ಅಂದ್ರೆ ಅದೂ ಒಂದು ಸುಳಿವು, ಆದ್ರೆ ಬರೀ ಇದನ್ನೇ ನಂಬೋ ಹಾಗಿಲ್ಲ, ಬಳ್ಳಾರಿ ಜಾಲಿ ಎಲ್ಲಿ ತಾನೆ ಬರಲ್ಲ ಹೇಳಿ.

ಈಗ ಮನೆಯಲ್ಲೇ ಮಾಡೋ ಬಾಟಲಿ ಪರೀಕ್ಷೆ. ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡೋದಾದ್ರೆ ಇದನ್ನ ಮಾಡಿ. ಬೇಕಾಗಿರೋದು ಮಳೆ ನೀರು, ಇಲ್ಲ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ಬೋರ್ ನೀರು ಕಾಲುವೆ ನೀರು ಬೇಡವೇ ಬೇಡ, ಅದರಲ್ಲಿರೋ ಲವಣನೇ ಉತ್ತರ ಸುಳ್ಳು ಮಾಡುತ್ತೆ. ಮೊದಲು ಕಡಲೆಕಾಳಷ್ಟು ದೊಡ್ಡ ಒಣಗಿದ ಹೆಂಟೆ ಒಂದನ್ನ ಅಗಲ ಲೋಟದ ನೀರಲ್ಲಿ ಮೆಲ್ಲಗೆ ಬಿಡಿ, ಅಲ್ಲಾಡಿಸಬೇಡಿ. ಹೆಂಟೆ ಕುಸಿದು ಪುಡಿಯಾಗಿ ಬಿದ್ದು ನೀರು ತಿಳಿಯಾಗೇ ಇದ್ರೆ ಅದು ಬರೀ ಒಡೆಯೋದು, ಸಾವಯವ ಅಂಶ ಕಮ್ಮಿ ಇರೋ ಯಾವ ಮಣ್ಣಾದ್ರೂ ಹಾಗೆ ಮಾಡುತ್ತೆ, ಭಯ ಬೇಡ. ಹೆಂಟೆ ಸುತ್ತ ಹಾಲು ಬೆರೆತ ಹಾಗೆ ಮಂಜು ಹರಡಿದ್ರೆ, ಎರಡು ಗಂಟೆಯಲ್ಲೋ ಇಲ್ಲ ಮರುದಿನವೋ, ಅದು ಸೋಡಿಯಂ.

ಆದ್ರೆ ಮುಂಚೆ ಹೇಳಿದ ಕಳ್ಳ ಮಣ್ಣು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳಲ್ಲ, ಅದರೊಳಗಿನ ಉಪ್ಪೇ ನೀರನ್ನ ತಿಳಿ ಮಾಡಿಬಿಡುತ್ತೆ. ಅದಕ್ಕೆ ಹೀಗೆ ಮಾಡಿ. ಒಂದು ಪಾರದರ್ಶಕ ಬಾಟಲಿಗೆ ನಾಲ್ಕು ಚಮಚ ಮಣ್ಣು ಹಾಕಿ ಮುಕ್ಕಾಲು ಮಳೆ ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ, ಮರುದಿನ ನೋಡಿ. ತಿಳಿ ಆಗಿದ್ರೆ ಮೇಲಿನ ನೀರು ಮಾತ್ರ ನಿಧಾನಕ್ಕೆ ಬಗ್ಗಿಸಿ ಚೆಲ್ಲಿ, ಹೊಸ ಮಳೆ ನೀರು ಹಾಕಿ ಮತ್ತೆ ಕುಲುಕಿ ಇಡಿ. ಹೀಗೆ ಮೂರ್ನಾಲ್ಕು ಸಲ. ಪ್ರತಿ ಸಲವೂ ತಿಳಿ ಆಗ್ತಾನೇ ಇದ್ರೆ ನಿಮ್ಮದು ಬರೀ ಉಪ್ಪಿನ ಮಣ್ಣು, ಬಸಿಯೋಕೆ ದಾರಿ ಮಾಡ್ಕೊಂಡು ಧೈರ್ಯವಾಗಿ ನೀರು ಬಿಡಬಹುದು. ಮೊದಲೆರಡು ಸಲ ತಿಳಿ ಆಗಿ ಮೂರನೇ ಸಲಕ್ಕೆ ಬಗ್ಗಡ ಹಾಗೇ ನಿಂತ್ರೆ ಅದೇ ಮೂರನೇ ಜಾತಿ, ಬಾಟಲಿಯಲ್ಲಿ ಈಗ ಆಗಿದ್ದೇ ನಾಳೆ ಹೊಲದಲ್ಲಿ ಆಗೋದು. ಆ ಬಗ್ಗಡ ಬಾಟಲಿಗೆ ಒಂದು ಚಿಟಿಕೆ ಜಿಪ್ಸಮ್ ಪುಡಿ ಹಾಕಿ ಕುಲುಕಿಟ್ಟು ನೋಡಿ, ತಿಳಿ ಆದ್ರೆ ಹೊಲಕ್ಕೂ ಜಿಪ್ಸಮ್ ಕೆಲಸ ಮಾಡುತ್ತೆ ಅಂತ. ಮೊದಲ ಸಲ ಇದನ್ನ ನೋಡಿದಾಗ ನನಗೆ ಮ್ಯಾಜಿಕ್ ನೋಡಿದ ಹಾಗಾಯ್ತು, ಸುಳ್ಳಲ್ಲ.

ಫಿನಾಫ್ತಲೀನ್ ದ್ರಾವಣ ಸಿಕ್ಕಿದ್ರೆ ಒದ್ದೆ ಮಣ್ಣಿನ ಮೇಲೆ ಎರಡು ಹನಿ ಬಿಡಿ, ಗುಲಾಬಿ ಬಣ್ಣ ಬಂದ್ರೆ ಪಿಎಚ್ ಸುಮಾರು 8.3 ದಾಟಿದೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಹನಿ ಬಿಟ್ಟಾಗ ಬುಸುಗುಟ್ಟಿದ್ರೆ ಸುಣ್ಣ ಇದೆ, ಇದು ಗಂಧಕ ಬಳಸೋ ವಿಚಾರಕ್ಕೆ ಮುಂದೆ ಬೇಕಾಗುತ್ತೆ. ಕೈಗೆ ಕಣ್ಣಿಗೆ ಜಾಗ್ರತೆ, ಆಸಿಡ್ ಆಸಿಡ್ಡೇ.

ಇಷ್ಟಾದ್ಮೇಲೆ ಲ್ಯಾಬಿಗೆ ಕಳ್ಸಿ. ಮಾದರಿ ತೆಗೆಯೋದರಲ್ಲಿ ಎಡವಟ್ಟು ಮಾಡೋರು ಜಾಸ್ತಿ. ಇಡೀ ಹೊಲದ ಮಣ್ಣು ಒಂದೇ ಚೀಲಕ್ಕೆ ಕಲಸಿಬಿಟ್ರೆ ಕೆಟ್ಟ ತೇಪೆ ಒಳ್ಳೆ ತೇಪೆ ಸೇರಿ ಸರಾಸರಿ ಬರುತ್ತೆ, ಅದು ಯಾರ ಕೆಲಸಕ್ಕೂ ಬರಲ್ಲ. ಕೆಟ್ಟ ಜಾಗ ಬೇರೆ, ಚೆನ್ನಾಗಿರೋ ಜಾಗ ಬೇರೆ. ಆಳನೂ ಬೇರೆ ಬೇರೆ, 0ರಿಂದ 15 ಸೆಂಟಿಮೀಟರ್, 15ರಿಂದ 30, 30ರಿಂದ 60, ಆಗೋದಾದ್ರೆ 90ರ ತನಕ. ಮೇಲಿನ ಬಿಳಿ ಪದರ ಕೆರೆದು ಅದನ್ನೇ ತಗೊಂಡು ಹೋದ್ರೆ ಇಸಿ ಆಕಾಶಕ್ಕೆ ಹೋಗುತ್ತೆ, ಅದನ್ನ ಪ್ರತ್ಯೇಕ ಪುಟ್ಟ ಪೊಟ್ಟಣ ಮಾಡಿ. ಗೊಬ್ಬರದ ಹಳೇ ಚೀಲ ಬೇಡ. ರಿಪೋರ್ಟ್ ಬಂದಾಗ ಇಸಿ ಯಾವ ವಿಧಾನದಲ್ಲಿ ಅಳೆದಿದ್ದು ಅಂತ ತಪ್ಪದೆ ಕೇಳಿ. ಒಂದು ಪಾಲು ಮಣ್ಣಿಗೆ ಎರಡೂವರೆ ಇಲ್ಲ ಐದು ಪಾಲು ನೀರು ಬೆರೆಸಿ ಅಳೆದ ಸಂಖ್ಯೆ ತುಂಬಾ ಚಿಕ್ಕದಿರುತ್ತೆ, ನಾನು ಮೇಲೆ ಹೇಳಿದ 4 ಅನ್ನೋ ಗಡಿ ಮಣ್ಣನ್ನ ಪೇಸ್ಟ್ ಮಾಡಿ ಅದರಿಂದ ಹಿಂಡಿ ತೆಗೆದ ನೀರಿಂದು. ಬೆರೆಸಿ ಅಳೆದಿದ್ದು 1 ಬಂದಿದೆ, ನಮ್ಮ ಮಣ್ಣು ಸೂಪರ್ ಅಂತ ಕುಣಿಯೋರನ್ನ ನೋಡಿದ್ದೀನಿ, ಒಂದಕ್ಕೆ ಐದು ಬೆರೆಸಿದ್ದಾದ್ರೆ ಜೇಡಿ ಮಣ್ಣಲ್ಲಿ ಅದು ಪೇಸ್ಟ್ ಲೆಕ್ಕದಲ್ಲಿ ಐದಾರರ ಮೇಲೆ ಹೋಗಬಹುದು. ಇಸಿ, ಪಿಎಚ್, ಇಎಸ್‌ಪಿ ಅಥವಾ ಎಸ್‌ಎಆರ್ (ಇದೂ ಸೋಡಿಯಂ ಲೆಕ್ಕನೇ), ಸಿಇಸಿ (ಜೇಡಿ ಕಣಗಳು ಕ್ಯಾಲ್ಸಿಯಂ, ಸೋಡಿಯಂ ಥರದ್ದನ್ನ ಒಟ್ಟು ಎಷ್ಟು ಹಿಡ್ಕೋಬಲ್ಲವು ಅನ್ನೋ ಲೆಕ್ಕ), ಜಿಪ್ಸಮ್ ಎಷ್ಟು ಬೇಕು ಅನ್ನೋದು, ಇಷ್ಟು ಬರೆಸ್ಕೊಂಡು ಬನ್ನಿ. ಹಾಯಿಸೋ ನೀರನ್ನೂ ಒಂದು ಬಾಟಲಿ ಕೊಡಿ. ನೀರಿನ ಇಸಿ 0.7ರ ಒಳಗಿದ್ರೆ ಚಿಂತೆ ಇಲ್ಲ, 3 ದಾಟಿದ್ರೆ ತುಂಬಾ ಯೋಚನೆ ಮಾಡಿ ಬಳಸ್ಬೇಕು, ಆರ್‌ಎಸ್‌ಸಿ ಅಂತ ಒಂದು ಸಂಖ್ಯೆ ಇರುತ್ತೆ, ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂಗಿಂತ ಕಾರ್ಬೊನೇಟ್ ಬೈಕಾರ್ಬೊನೇಟ್ ಎಷ್ಟು ಜಾಸ್ತಿ ಅನ್ನೋದು, ಅದು 1.25ರ ಒಳಗಿದ್ರೆ ಒಳ್ಳೇದು, 2.5 ದಾಟಿದ್ರೆ ಆ ನೀರೇ ನಿಮ್ಮ ಮಣ್ಣನ್ನ ಕ್ಷಾರ ಮಾಡ್ತಿದೆ ಅಂತ ಅರ್ಥ.

ಚಿಕಿತ್ಸೆಗೆ ಬರೋಣ. ಬರೀ ಉಪ್ಪಿನ ಮಣ್ಣಾದ್ರೆ ಕೆಲಸ ಎರಡೇ, ಬಸಿಯೋದು ತೊಳೆಯೋದು, ಅದೇ ಕ್ರಮದಲ್ಲಿ. ಬಸಿಗಾಲುವೆ ಇಲ್ಲದೆ ನೀರು ಬಿಟ್ರೆ ಉಪ್ಪು ಕೆಳಗಿಳಿದ ಹಾಗೆ ಮಾಡಿ, ಅಂತರ್ಜಲನ ಇನ್ನೊಂದಿಷ್ಟು ಮೇಲೆ ತಂದು, ಬೇಸಿಗೆಗೆ ಬಡ್ಡಿ ಸಮೇತ ವಾಪಸ್ ಬರುತ್ತೆ. ತೆರೆದ ಬಸಿಗಾಲುವೆ ತೋಡೋದು ಸುಲಭ, ಆದ್ರೆ ಜಾಗ ತಿನ್ನುತ್ತೆ, ಕಳೆ ತುಂಬುತ್ತೆ, ಬದಿ ಕುಸಿಯುತ್ತೆ. ನೆಲದೊಳಗೆ ತೂತಿನ ಪಿವಿಸಿ ಪೈಪಿಗೆ ಫಿಲ್ಟರ್ ಬಟ್ಟೆ ಸುತ್ತಿ ಸುಮಾರು 1ರಿಂದ 1.5 ಮೀಟರ್ ಆಳಕ್ಕೆ ಸಾಲಾಗಿ ಹಾಕೋದು ಬಾಳಿಕೆ ಬರುತ್ತೆ, ಸಾಲಿನ ಅಂತರ ಮಣ್ಣಿನ ಮೇಲೆ ಹೋಗುತ್ತೆ, ಜಿಗಟು ಮಣ್ಣಿಗೆ ಹತ್ತಿರ ಹತ್ತಿರ, ಮರಳು ಮಣ್ಣಿಗೆ ದೂರ. ಯಾವುದೇ ಆಗ್ಲಿ ಕೊನೆ ಎಲ್ಲಿ ಅಂತ ಮೊದಲು ನೋಡಿ, ನೀರು ಬೀಳೋಕೆ ಹಳ್ಳ ಬೇಕು, ಪಕ್ಕದವರ ಹೊಲಕ್ಕೆ ಬಿಟ್ರೆ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ಕಾಲುವೆಯಿಂದ ಜಿನುಗಿ ಬರೋದಾದ್ರೆ ಕಾಲುವೆಗೂ ಹೊಲಕ್ಕೂ ಮಧ್ಯೆ ಒಂದು ಆಳವಾದ ತಡೆ ಗುಂಡಿ ಸಾಲು ತೋಡಿದ್ರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಆಮೇಲೆ ನೆಲ ಸಮ ಮಾಡಿ, ಇದನ್ನ ಬಿಟ್ರೆ ತಗ್ಗಲ್ಲಿ ಮಾತ್ರ ತೊಳೆಯುತ್ತೆ, ದಿಣ್ಣೆಗೆ ಉಪ್ಪು ಹತ್ತುತ್ತೆ. ಬದು ಗಟ್ಟಿ ಮಾಡಿ ಸಣ್ಣ ಸಣ್ಣ ಮಡಿ ಕಟ್ಟಿ ನೀರು ನಿಲ್ಸಿ. ಒಂದು ಅಡಿ ಆಳದ ಮಣ್ಣಿಗೆ ಒಂದು ಅಡಿ ನೀರು ಇಳಿದು ಹೋದ್ರೆ ಕರಗೋ ಉಪ್ಪಲ್ಲಿ ನೂರಕ್ಕೆ 70-80 ಪಾಲು ಕೆಳಗೆ ಹೋಗುತ್ತೆ ಅನ್ನೋದು ಹಳೇ ಲೆಕ್ಕ. ಒಂದೇ ಸಲ ತುಂಬಿಸಿ ಇಡೋದಕ್ಕಿಂತ ನಿಲ್ಸಿ, ಇಳಿಯೋಕೆ ಬಿಟ್ಟು, ಮತ್ತೆ ನಿಲ್ಸಿದ್ರೆ ಕಮ್ಮಿ ನೀರಲ್ಲೇ ಆಗುತ್ತೆ. ಮೇಲಿನ ಬಿಳಿ ಪದರ ಸಲಿಕೆಯಲ್ಲಿ ಕೆರೆದು ತೆಗೀಬಹುದು, ತಾತ್ಕಾಲಿಕ, ಆದ್ರೆ ಕೆರೆದಿದ್ದನ್ನ ಬದುವಿನ ಮೇಲೇ ಗುಡ್ಡೆ ಹಾಕ್ಬೇಡಿ ದಯವಿಟ್ಟು. ಈ ಜಾತಿ ಮಣ್ಣಿಗೆ ಜಿಪ್ಸಮ್ ದಂಡ.

ಎರಡನೇ ಮೂರನೇ ಜಾತಿಗೆ ಜಿಪ್ಸಮ್ ಮೊದಲು, ನೀರು ಆಮೇಲೆ. ಕ್ಯಾಲ್ಸಿಯಂ ಹೋಗಿ ಸೋಡಿಯಮ್ಮನ್ನ ಎಬ್ಬಿಸಿ ತಾನು ಕೂರುತ್ತೆ, ಎದ್ದ ಸೋಡಿಯಂ ಸೋಡಿಯಂ ಸಲ್ಫೇಟ್ ಆಗಿ ನೀರಿನ ಜೊತೆ ಹೋಗ್ಬೇಕು, ಹೋಗಕ್ಕೆ ದಾರಿ ಬೇಕು, ಅಂದ್ರೆ ಇಲ್ಲೂ ಬಸಿಗಾಲುವೆ ತಪ್ಪಿದ್ದಲ್ಲ. ಎಷ್ಟು ಹಾಕ್ಬೇಕು ಅನ್ನೋದಕ್ಕೆ ಒಂದು ಉದಾಹರಣೆ. ಸಿಇಸಿ 30, ಇಎಸ್‌ಪಿ 25 ಇದೆ, ಅದನ್ನ 10ಕ್ಕೆ ಇಳಿಸ್ಬೇಕು ಅಂದ್ಕೊಳ್ಳಿ. 15 ಕಮ್ಮಿ ಆಗ್ಬೇಕು, 30ರಲ್ಲಿ ನೂರಕ್ಕೆ 15 ಅಂದ್ರೆ 4.5. ಮೇಲಿನ 15 ಸೆಂಟಿಮೀಟರ್ ಮಣ್ಣಿಗೆ ಇದರ ಒಂದೊಂದು ಅಂಕಕ್ಕೂ ಹೆಕ್ಟೇರಿಗೆ ಸುಮಾರು 1.9 ಟನ್ ಶುದ್ಧ ಜಿಪ್ಸಮ್ ಬೇಕು, ಅಲ್ಲಿಗೆ ಹೆಕ್ಟೇರಿಗೆ ಎಂಟೂವರೆ ಟನ್ ಚಿಲ್ಲರೆ, ಎಕರೆಗೆ ಸುಮಾರು ಮೂರೂವರೆ ಟನ್. ಚೀಲದ ಮೇಲೆ ಶುದ್ಧತೆ 70 ಅಂತಿದ್ರೆ ಅದು 5 ಟನ್ ಆಗುತ್ತೆ. ನಾಲ್ಕು ಚೀಲ ಎರಚಿ ಏನೂ ಆಗ್ಲಿಲ್ಲ ಅನ್ನೋರಿಗೆ ಉತ್ತರ ಇದರಲ್ಲೇ ಇದೆ. ಪೂರ್ತಿ ಒಂದೇ ಸಲ ಆಗಲ್ಲ ಅಂದ್ರೆ ಲ್ಯಾಬ್ ಹೇಳಿದ ಪ್ರಮಾಣದ ಅರ್ಧ ಹಾಕಿ ಭತ್ತದಿಂದ ಶುರು ಮಾಡೋ ಪದ್ಧತಿ ಗಂಗಾ ಬಯಲಿನ ಊಸರ ಭೂಮಿಯಲ್ಲಿ ಚೆನ್ನಾಗಿ ಗೆದ್ದಿದೆ, 1969ರಲ್ಲಿ ಶುರುವಾದ ಕರ್ನಾಲ್‌ನ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ಅದನ್ನೇ ಹೇಳ್ತಾ ಬಂದಿದ್ದು.

ಪುಡಿ ನುಣ್ಣಗಿರ್ಲಿ, 2 ಮಿಲಿಮೀಟರ್ ಜರಡಿ ದಾಟುವಷ್ಟು. ಮೇಲಿನ 10 ಸೆಂಟಿಮೀಟರಲ್ಲೇ ಕುಂಟೆ ಹೊಡೆದು ಬೆರೆಸಿ, ಆಳ ಉಳುಮೆ ಮಾಡಿ ಹೂತು ಹಾಕ್ಬೇಡಿ, ನೀರು ಕೆಳಗೆ ಇಳಿಯೋದೇ ಕಷ್ಟ ಇರೋ ಮಣ್ಣಲ್ಲಿ ಜಿಪ್ಸಮ್ ಮೇಲಿಂದ ದಾರಿ ಬಿಡಿಸ್ಕೊಂಡು ಹೋಗ್ಬೇಕು. ಜಿಪ್ಸಮ್ ಕರಗೋದು ನಿಧಾನ, ಲೀಟರ್ ನೀರಿಗೆ ಎರಡೂವರೆ ಗ್ರಾಂ ಆಸುಪಾಸು ಅಷ್ಟೇ, ಹೆಕ್ಟೇರಲ್ಲಿ ಒಂದು ಸೆಂಟಿಮೀಟರ್ ನೀರಿಗೆ ಸುಮಾರು 240 ಕೆಜಿ, ಮೇಲಿನ ಲೆಕ್ಕದ ಅಷ್ಟೂ ಕರಗೋಕೆ 36 ಸೆಂಟಿಮೀಟರ್ ನೀರು ಇಳಿದು ಹೋಗ್ಬೇಕು. ಆದ್ದರಿಂದ ಹಾಕಿದ ಮೇಲೆ 10-15 ದಿನ ನೀರು ನಿಲ್ಸಿಟ್ಟು ಆಮೇಲೆ ನಾಟಿ. ಮಳೆ ಶುರುವಾಗೋ ಮುಂಚೆ ಹಾಕಿದ್ರೆ ಮಳೆನೇ ಆ ಕೆಲಸ ಮಾಡ್ಕೊಡುತ್ತೆ.

ಆಸಿಡ್ ಹನಿಗೆ ಬುಸುಗುಟ್ಟಿದ ಮಣ್ಣಲ್ಲಿ ಗಂಧಕನೂ ಆಗುತ್ತೆ, ಸೂಕ್ಷ್ಮಜೀವಿಗಳು ಅದನ್ನ ಆಸಿಡ್ ಮಾಡಿ, ಆ ಆಸಿಡ್ ಸುಣ್ಣ ಕರಗಿಸಿ, ಒಳಗೇ ಜಿಪ್ಸಮ್ ತಯಾರಾಗುತ್ತೆ. ಒಂದು ಟನ್ ಗಂಧಕ ಐದು ಟನ್ನಿಗೂ ಮೇಲೆ ಜಿಪ್ಸಮ್ಮಿಗೆ ಸಮ, ಸಾಗಾಣಿಕೆ ಉಳಿಯುತ್ತೆ, ಆದ್ರೆ ಮಣ್ಣು ಬೆಚ್ಚಗೆ ತೇವವಾಗಿದ್ದು ವಾರಗಟ್ಟಲೆ ತಿಂಗಳುಗಟ್ಟಲೆ ಕಾಯ್ಬೇಕು. ಸುಣ್ಣ ಇಲ್ಲದ ಮಣ್ಣಿಗೆ ಇದು ಬೇಡ. ಕೊಟ್ಟಿಗೆ ಗೊಬ್ಬರ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಡಯಂಚ ಅನ್ನೋ ಹಸಿರೆಲೆ ಗೊಬ್ಬರದ ಗಿಡ ಬೆಳೆದು ಹೂ ಬರೋ ಮುಂಚೆ ಮಣ್ಣಿಗೆ ಸೇರಿಸೋದು, ಇವೆಲ್ಲ ಬಹಳ ಒಳ್ಳೇದು, ಡಯಂಚ ಬೇರು ಆ ಹೆಪ್ಪಲ್ಲೂ ದಾರಿ ಮಾಡುತ್ತೆ. ಜೋರು ಕ್ಷಾರಕ್ಕೆ ಬರೀ ಇವುಗಳಿಂದಲೇ ವಾಸಿ ಆಗುತ್ತೆ ಅಂತ ಮಾರೋರ ಮಾತಿಗೆ ಮಾತ್ರ ನಾನು ತಲೆ ಆಡಿಸಲ್ಲ.

ಬೆಳೆ ಆರಿಸುವಾಗ ಒಂದು ವಿಷಯ, ಉಪ್ಪು ತಡೆಯೋದು ಬೇರೆ, ಕ್ಷಾರ ತಡೆಯೋದು ಬೇರೆ. ಪೇಸ್ಟ್ ಇಸಿ ಲೆಕ್ಕದಲ್ಲಿ ಬಾರ್ಲಿ 8ರ ತನಕ, ಹತ್ತಿ 7.7, ಜೋಳ 6.8, ಗೋಧಿ 6ರ ತನಕ ಇಳುವರಿ ಕಮ್ಮಿ ಆಗದೆ ತಡ್ಕೊಳ್ತವೆ, ಶೇಂಗಾ 3.2, ಭತ್ತ 3, ಟೊಮೇಟೊ 2.5, ಮೆಕ್ಕೆಜೋಳ ಕಬ್ಬು 1.7, ಈರುಳ್ಳಿ 1.2ಕ್ಕೇ ಕೈ ಚೆಲ್ಲುತ್ತೆ. ಭತ್ತ ಉಪ್ಪಿಗೆ ಅಷ್ಟೇನೂ ಗಟ್ಟಿ ಅಲ್ಲ ನೋಡಿ, ಆದ್ರೆ ಕ್ಷಾರ ಮಣ್ಣಿಗೆ ಅದೇ ಮೊದಲ ಬೆಳೆ, ಪಿಎಚ್ ತಡ್ಕೊಳ್ಳುತ್ತೆ, ನಿಂತ ನೀರನ್ನೂ ತಡ್ಕೊಳ್ಳುತ್ತೆ. ಬೋದು ಸಾಲು ಮಾಡೋರು ಬೋದಿನ ನೆತ್ತಿ ಮೇಲೆ ಬೀಜ ಹಾಕ್ಬೇಡಿ, ಎರಡೂ ಕಡೆಯ ನೀರು ಉಪ್ಪನ್ನ ತಂದು ಸುರಿಯೋದು ನೆತ್ತಿಗೇ, ಇಳಿಜಾರಲ್ಲಿ ನೀರಿನ ಮಟ್ಟದ ಹತ್ತಿರ ಹಾಕಿ. ನಾಟಿ ಮಾಡೋದಾದ್ರೆ ಸಸಿ ಸ್ವಲ್ಪ ಬಲಿತಿರ್ಲಿ, ಕುಣಿಗೆ ಒಂದೆರಡು ಸಸಿ ಜಾಸ್ತಿ ಇಡಿ. ಯೂರಿಯಾ ಮೇಲೆ ಎರಚಿದ್ರೆ ಹೆಚ್ಚು ಪಿಎಚ್‌ನಲ್ಲಿ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ಭಾಗ ಮಾಡಿ ಮಣ್ಣೊಳಗೆ ಕೊಡಿ, ಕ್ಷಾರ ಮಣ್ಣಿಗೆ ಸಾರಜನಕ ಕಾಲು ಭಾಗ ಜಾಸ್ತಿ, ಹೆಕ್ಟೇರಿಗೆ 25 ಕೆಜಿ ಜಿಂಕ್ ಸಲ್ಫೇಟ್.

ಸರಿ ಆದ ಮೇಲೂ ನೀರು ಹಾಯಿಸುವಾಗ ಬೆಳೆ ಕುಡಿಯೋದಕ್ಕಿಂತ ಸ್ವಲ್ಪ ಜಾಸ್ತಿ ಕೊಡ್ಬೇಕು, ಆ ಜಾಸ್ತಿ ನೀರು ಹೊಸದಾಗಿ ಬಂದ ಉಪ್ಪನ್ನ ಬೇರಿನ ಕೆಳಗೆ ತಳ್ಳುತ್ತೆ. ನೀರಿನ ಇಸಿಯನ್ನ, ಮಣ್ಣಿನ ಇಸಿಯ ಐದು ಪಟ್ಟಿಂದ ನೀರಿನ ಇಸಿ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ನೀರು 1.5, ಮಣ್ಣು 4ರಲ್ಲಿ ಇರ್ಬೇಕು ಅಂದ್ರೆ 1.5 ಭಾಗಿಸು 18.5, ನೂರಕ್ಕೆ ಸುಮಾರು 8. ಅಷ್ಟೇ ಜಾಸ್ತಿ, ಅದಕ್ಕಿಂತ ಸುರಿದ್ರೆ ಜವಳು ವಾಪಸ್. ಹೊಲ ಬೇಸಿಗೆಯಲ್ಲಿ ಬರಿದಾಗಿ ಬಿಡಬೇಡಿ, ಬಿಸಿಲಿಗೆ ಬತ್ತಿ ಉರಿಯೋದು ಆಗಲೇ, ಏನಾದ್ರೂ ಬೆಳೆ ಇರ್ಲಿ ಇಲ್ಲ ಹುಲ್ಲು ಮುಚ್ಚಿಗೆ ಇರ್ಲಿ, ಅದೂ ಇಲ್ಲ ಅಂದ್ರೆ ಮೇಲ್ಮಣ್ಣು ಹರಗಿ ಸಡಿಲ ಮಾಡಿಡಿ. ಹೊಲದ ಮೂಲೆಯಲ್ಲಿ ಎರಡು ಮೀಟರ್ ತೂತಿನ ಪೈಪ್ ಒಂದು ನೆಟ್ಟು ಮುಚ್ಚಳ ಹಾಕಿಟ್ರೆ, ತಿಂಗಳಿಗೊಮ್ಮೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಅಂತ ನೋಡಬಹುದು. ಮಳೆಗಾಲ ಮುಗಿದ ಮೇಲೆ ಬಸಿಗಾಲುವೆ ಪೈಪಿನ ಬಾಯಿಗೂ ಒಮ್ಮೆ ಹೋಗಿ ಬನ್ನಿ, ಹೂಳು, ಕಪ್ಪೆ, ಬೇರು ಏನಾದ್ರೂ ಸೇರ್ಕೊಂಡಿರುತ್ತೆ. ಅಲ್ಲಿ ಬೀಳ್ತಿರೋ ನೀರನ್ನ ನಾಲಿಗೆ ಮೇಲೆ ಒಂದು ಹನಿ ಇಟ್ಟು ಉಗುಳಿ, ಉಪ್ಪುಪ್ಪಾಗಿದ್ರೆ ಕೆಲಸ ನಡೀತಿದೆ.